ಕಂಪ್ಯೂಟರ್ ಫ್ಯಾನಿನಿಂದ ಸ್ಟರ್ ಪ್ಲೇಟ್: ಕಟ್ಟುವುದು, ಕೈಕೊಟ್ಟಾಗ ಸರಿಮಾಡುವುದು

ಮನೆಯಲ್ಲಿ ಬಿಯರ್ ಮಾಡುವವರು ಯೀಸ್ಟ್ ಬೆಳೆಸುವಾಗ ಫ್ಲಾಸ್ಕಿನ ದ್ರವವನ್ನು ತಿರುಗಿಸುತ್ತಾ ಇರಲು ಬಳಸುವ ಪೆಟ್ಟಿಗೆಯೇ ಸ್ಟರ್ ಪ್ಲೇಟ್. ಫ್ಲಾಸ್ಕಿನೊಳಗೆ ಬಿಟ್ಟ ಸ್ಟರ್ ಬಾರ್, ಅಂದರೆ ಹೊದಿಕೆ ಹಾಕಿದ ಚಿಕ್ಕ ಮ್ಯಾಗ್ನೆಟ್ ಕಡ್ಡಿ, ಒಂದು ನಿಮಿಷ ಚೆನ್ನಾಗಿ ತಿರುಗುತ್ತದೆ. ನಡುವೆ ಚಂದದ ಸುಳಿ ಏಳುತ್ತದೆ. ನೀವು ವೇಗದ ನಾಬ್ ಇನ್ನೊಂದು ಚೂರು ತಿರುಗಿಸುತ್ತೀರಿ, ಟಕಟಕ ಅಂತ ಸದ್ದು ಬಂದು ಅದು ಫ್ಲಾಸ್ಕಿನ ಅಂಚಿಗೆ ಹಾರಿ, ಅಲ್ಲೇ ನಡುಗುತ್ತಾ ಕೂತುಬಿಡುತ್ತದೆ. ಸುಳಿ ಮಾಯ. ಮನೆಯಲ್ಲಿ ಸ್ಟರ್ ಪ್ಲೇಟ್ ಕಟ್ಟಿದವರಿಗೆ ಈ ಸದ್ದು ಪರಿಚಯ ಇದ್ದೇ ಇರುತ್ತದೆ. ಆಗ ಕಣ್ಣು ಮೊದಲು ಹೋಗುವುದು ಫ್ಯಾನಿನ ಮೇಲೆ. ಇದಕ್ಕೆ ಶಕ್ತಿ ಸಾಲದು, ದೊಡ್ಡದು ತರಬೇಕು ಅನ್ನಿಸುತ್ತದೆ. ನಾನೂ ಹಾಗೇ ಮೂರು ಫ್ಯಾನ್ ಬದಲಿಸಿದೆ. ತೊಂದರೆ ಇದ್ದದ್ದು ಕೆಳಗಿನ ಮ್ಯಾಗ್ನೆಟ್‌ಗೂ ಮೇಲಿನ ಸ್ಟರ್ ಬಾರ್‌ಗೂ ನಡುವಿನ ಹಿಡಿತದಲ್ಲಿ. ಆ ಹಿಡಿತ ಸರಿ ಇದ್ದರೆ ಗುಜರಿಯಿಂದ ತಂದ ಫ್ಯಾನೂ ಒಂದು ಲೀಟರ್ ಸ್ಟಾರ್ಟರನ್ನು (ಯೀಸ್ಟ್ ಬೆಳೆಸುವ ದ್ರವ) ಆರಾಮವಾಗಿ ತಿರುಗಿಸುತ್ತದೆ. ಅದಕ್ಕೇ ಇಲ್ಲಿ ವೈರಿಂಗ್‌ಗಿಂತ ಮ್ಯಾಗ್ನೆಟ್ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು, ಇದು ಯಾಕೆ ಬೇಕು ಅಂತ ಎರಡು ಮಾತು. ಲಿಕ್ವಿಡ್ ಯೀಸ್ಟ್ ಹಳೆಯದಾದಷ್ಟೂ ಅದರಲ್ಲಿ ಬದುಕಿರುವ ಕೋಶಗಳು ಕಡಿಮೆಯಾಗುತ್ತಾ ಹೋಗುತ್ತವೆ. ಅದನ್ನು ನೇರವಾಗಿ ಬಿಯರ್ ಆಗಲಿರುವ 20 ಲೀಟರ್ ಸಿಹಿ ಮಾಲ್ಟ್ ದ್ರವಕ್ಕೆ, ಅಂದರೆ ವರ್ಟ್‌ಗೆ ಸುರಿಯುವ ಬದಲು, ಒಂದು ಲೀಟರ್ ತೆಳು ವರ್ಟ್‌ನಲ್ಲಿ ಮೊದಲು ಬೆಳೆಸಿಕೊಂಡರೆ ಹುದುಗು ಬೇಗ ಶುರುವಾಗುತ್ತದೆ, ರುಚಿಯೂ ಶುದ್ಧವಾಗಿರುತ್ತದೆ. ಇದೇ ಸ್ಟಾರ್ಟರ್. ಸುಮ್ನೆ ಇಟ್ಟರೆ ಯೀಸ್ಟ್ ತಳಕ್ಕೆ ಕೂತು ಪದರ ಕಟ್ಟುತ್ತದೆ, ಮೇಲಿನ ಸಕ್ಕರೆ ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ತಿರುಗಿಸುತ್ತಾ ಇದ್ದರೆ ಕೋಶಗಳು ತೇಲುತ್ತಲೇ ಇರುತ್ತವೆ, ಕರಗಿದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಒಂದಿಷ್ಟು ಆಮ್ಲಜನಕ ಒಳಗೆ ಬರುತ್ತದೆ. ಕೈಯಿಂದ ಆಗಾಗ ಕುಲುಕಿದರೂ ಲಾಭ ಇದೆ, ಆದರೆ ರಾತ್ರಿ ಎದ್ದು ಕುಲುಕುವವರು ಯಾರು, ಅಲ್ವಾ? ಒಂದು ಮಾತು ನೆನಪಿರಲಿ: ಡ್ರೈ ಯೀಸ್ಟ್ ಬಳಸುವವರಿಗೆ ಸಾಮಾನ್ಯವಾಗಿ ಸ್ಟಾರ್ಟರ್ ಬೇಕಾಗುವುದಿಲ್ಲ. ಇನ್ನೊಂದು ಪ್ಯಾಕೆಟ್ ಹಾಕಿದರೆ ಕೆಲಸ ಮುಗಿಯಿತು.

ಉಪಕರಣ ಹೊಸದೇನಲ್ಲ. 1944ರಲ್ಲೇ ಅಮೆರಿಕದ ಆರ್ಥರ್ ರೋಸಿಂಗರ್ ಮ್ಯಾಗ್ನೆಟಿಕ್ ಸ್ಟರರ್‌ಗೆ ಪೇಟೆಂಟ್ ಪಡೆದಿದ್ದರು. ಪಾತ್ರೆಯ ಕೆಳಗೆ ಮೋಟಾರು ಒಂದು ಮ್ಯಾಗ್ನೆಟನ್ನು ತಿರುಗಿಸುತ್ತದೆ, ಪಾತ್ರೆಯೊಳಗೆ ಹೊದಿಕೆ ಹಾಕಿದ ಇನ್ನೊಂದು ಮ್ಯಾಗ್ನೆಟ್ ಅದರ ಹಿಂದೆಯೇ ಸುತ್ತುತ್ತದೆ. ನಾವು ಮಾಡುವುದೂ ಅದನ್ನೇ. ಮೋಟಾರಿನ ಬದಲು ಕಂಪ್ಯೂಟರ್ ಫ್ಯಾನ್, ಅಷ್ಟೇ.

ಫ್ಯಾನ್ ಆರಿಸುವುದು

12 ವೋಲ್ಟಿನ ಬ್ರಷ್‌ಲೆಸ್ ಫ್ಯಾನ್ ಬೇಕು. 80 ಮಿ.ಮೀ. ಅಥವಾ 120 ಮಿ.ಮೀ., ಎರಡೂ ನಡೆಯುತ್ತವೆ. ನನಗೆ ಇಷ್ಟ 120. ಅದರ ನಡುವಿನ ಗುಂಡು ಭಾಗ, ಅಂದರೆ ಹಬ್, ಅಗಲವಾಗಿರುತ್ತದೆ, ಮ್ಯಾಗ್ನೆಟ್ ಅಂಟಿಸಲು ಜಾಗ ಸಿಗುತ್ತದೆ. ನಿಧಾನವಾಗಿ ತಿರುಗುವುದೂ ಅದಕ್ಕೆ ಸುಲಭ. ಇಲ್ಲಿ ವೇಗ ಬೇಕಾಗಿಲ್ಲ, ನಿಮಿಷಕ್ಕೆ ಕೆಲವು ನೂರು ಸುತ್ತು ಧಾರಾಳವಾಯಿತು.

ಫ್ಯಾನಿಗೆ ಎರಡು ಮುಖ. ಒಂದು ಕಡೆ ನಾಲ್ಕು ಕಂಬಿಗಳು ಬಂದು ನಡುವಿನ ಭಾಗವನ್ನು ಹಿಡಿದಿರುತ್ತವೆ, ಆ ಕಡೆ ತಿರುಗುವುದಿಲ್ಲ. ಇನ್ನೊಂದು ಕಡೆ ಹಬ್ ತಿರುಗುತ್ತದೆ. ಮ್ಯಾಗ್ನೆಟ್ ಹೋಗುವುದು ಆ ಮುಖಕ್ಕೆ, ಮತ್ತು ಅದೇ ಮುಖ ಮೇಲೆ ಬರಬೇಕು. ಹಬ್ ಮೇಲೆ ಸ್ಟಿಕ್ಕರ್ ಇದ್ದರೆ ಪೂರ್ತಿ ಕಿತ್ತು, ಅಂಟಿನ ಜಿಗುಟು ಹೋಗುವಂತೆ ಸ್ಪಿರಿಟ್‌ನಿಂದ ಒರೆಸಿ. ಸ್ಟಿಕ್ಕರ್ ಮೇಲೇ ಅಂಟಿಸಿದ ಮ್ಯಾಗ್ನೆಟ್ ಒಂದು ದಿನ ಸ್ಟಿಕ್ಕರ್ ಸಮೇತ ಎದ್ದು ಬರುತ್ತದೆ.

ರೆಕ್ಕೆಗಳನ್ನು ಕತ್ತರಿಸುವವರು ಇದ್ದಾರೆ. ನಾನು ಕತ್ತರಿಸುವುದಿಲ್ಲ. ರೆಕ್ಕೆಗೆ ಗಾಳಿ ತಡೆಯುವುದರಿಂದ ಫ್ಯಾನ್ ಒಮ್ಮೆಲೇ ಓಡುವುದಿಲ್ಲ, ಜೊತೆಗೆ ಪೆಟ್ಟಿಗೆಯ ಒಳಗೆ ಒಂದಿಷ್ಟು ಗಾಳಿಯೂ ಆಡುತ್ತದೆ.

ಮ್ಯಾಗ್ನೆಟ್: ಇಲ್ಲಿ ಅವಸರ ಬೇಡ

ಎರಡು ದಾರಿ ಇದೆ. ಮೊದಲನೆಯದು, ಕೆಟ್ಟುಹೋದ ಹಾರ್ಡ್ ಡಿಸ್ಕ್ ಬಿಚ್ಚಿ ಅದರೊಳಗಿನ ಮ್ಯಾಗ್ನೆಟ್ ತೆಗೆಯುವುದು. ಬಾಗಿದ ಚಿಕ್ಕ ತುಂಡು ಅದು, ಕಬ್ಬಿಣದ ತಟ್ಟೆಗೆ ಅಂಟಿಕೊಂಡಿರುತ್ತದೆ. ಇದರ ವಿಶೇಷ ಏನೆಂದರೆ ಒಂದೇ ಮುಖದ ಮೇಲೆ ಅರ್ಧ ಉತ್ತರ ಧ್ರುವ, ಅರ್ಧ ದಕ್ಷಿಣ ಧ್ರುವ ಇರುತ್ತದೆ. ಅಂದರೆ ಸ್ಟರ್ ಬಾರ್‌ನ ಎರಡು ತುದಿಗೆ ಬೇಕಾದ ಎರಡು ಧ್ರುವಗಳೂ ಒಂದೇ ತುಂಡಿನಲ್ಲಿ ಸಿಕ್ಕಿಬಿಡುತ್ತವೆ. ಹಬ್‌ನ ಸರಿಯಾದ ನಡುವೆ ಇಂಥದ್ದೊಂದನ್ನು ಕೂರಿಸಿದರೆ ಸಾಕು. ತಟ್ಟೆಯಿಂದ ಬಿಡಿಸುವಾಗ ಮ್ಯಾಗ್ನೆಟನ್ನು ಮೀಟಬೇಡಿ. ಅದು ಗಾಜಿನ ಹಾಗೆ ಚೂರಾಗುತ್ತದೆ. ತಟ್ಟೆಯನ್ನೇ ಎರಡು ಇಕ್ಕಳದಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದರೆ ಅಂಟು ಬಿಟ್ಟು ತಾನೇ ಸಡಿಲವಾಗುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಎರಡನೆಯ ದಾರಿ, ಬಿಲ್ಲೆಯಂಥ ಎರಡು ನಿಯೋಡಿಮಿಯಂ ಮ್ಯಾಗ್ನೆಟ್. ಇಲ್ಲಿ ಒಂದರ ಉತ್ತರ ಧ್ರುವ ಮೇಲೆ ಇರಬೇಕು, ಇನ್ನೊಂದರ ದಕ್ಷಿಣ ಧ್ರುವ ಮೇಲೆ ಇರಬೇಕು. ಎರಡೂ ಒಂದೇ ಧ್ರುವ ಮೇಲೆ ಮಾಡಿ ಕೂತರೆ ಸ್ಟರ್ ಬಾರ್‌ನ ಒಂದು ತುದಿಯನ್ನು ಎರಡೂ ಎಳೆಯುತ್ತವೆ, ಇನ್ನೊಂದು ತುದಿಯನ್ನು ಎರಡೂ ದೂಡುತ್ತವೆ. ಅದು ನಡುವೆ ನಿಲ್ಲುವುದೇ ಇಲ್ಲ. ಹೊಸದಾಗಿ ಕಟ್ಟಿದ ಪ್ಲೇಟ್ ಮೊದಲ ದಿನವೇ ಬಾರನ್ನು ಎಸೆಯುತ್ತಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಧ್ರುವ ಗುರುತಿಸಲು ದಿಕ್ಸೂಚಿ ಬೇಕಾಗಿಲ್ಲ. ಎರಡನ್ನೂ ಒಂದರ ಮೇಲೊಂದು ಅಂಟಿಕೊಳ್ಳಲು ಬಿಡಿ. ಈಗ ಹೊರಗೆ ಕಾಣುವ ಎರಡು ಮುಖಗಳಿಗೆ, ಅಂದರೆ ಮೇಲಿನದರ ಮೇಲ್ಮುಖಕ್ಕೂ ಕೆಳಗಿನದರ ಕೆಳಮುಖಕ್ಕೂ ಮಾರ್ಕರ್‌ನಿಂದ ಚುಕ್ಕಿ ಇಡಿ. ಬಿಡಿಸಿ, ಎರಡೂ ಚುಕ್ಕಿ ಮೇಲೆ ಬರುವಂತೆ ಕೂರಿಸಿ. ಒಂದು ಉತ್ತರ, ಒಂದು ದಕ್ಷಿಣ ತಾನಾಗಿ ಬರುತ್ತದೆ.

ಎರಡರ ನಡುವಿನ ದೂರ? ಸ್ಟರ್ ಬಾರ್‌ನ ಉದ್ದಕ್ಕಿಂತ ಸ್ವಲ್ಪ ಕಡಿಮೆ. ಹೊರಗೆ ಕಾಣುವ ಬಿಳಿ ಟೆಫ್ಲಾನ್ ಹೊದಿಕೆ ಉದ್ದವಾಗಿರುತ್ತದೆ, ಒಳಗಿನ ಮ್ಯಾಗ್ನೆಟ್ ಅದಕ್ಕಿಂತ ಗಿಡ್ಡ. 25 ಮಿ.ಮೀ. ಬಾರ್ ಆದರೆ ಎರಡು ಬಿಲ್ಲೆಗಳ ನಡುಬಿಂದುಗಳ ಮಧ್ಯೆ ಸುಮಾರು 20 ಮಿ.ಮೀ. ಇಟ್ಟು ಶುರುಮಾಡಿ. 38 ಮಿ.ಮೀ. ಆದರೆ 30ರ ಆಸುಪಾಸು. ಲೆಕ್ಕಕ್ಕಿಂತ ಕೈಯಲ್ಲೇ ಪರೀಕ್ಷೆ ಮಾಡುವುದು ಒಳ್ಳೆಯದು. ಮುಚ್ಚಳದ ಮೇಲೆ ಬಾರ್ ಇಟ್ಟು ಬೆರಳಿನಿಂದ ಪಕ್ಕಕ್ಕೆ ತಳ್ಳಿ. ಬಿಟ್ಟ ಕೂಡಲೇ ಟಕ್ ಅಂತ ನಡುವಿಗೆ ಬಂದು ನೇರವಾಗಿ ಮಲಗಿದರೆ ದೂರ ಸರಿ ಇದೆ. ಓರೆಯಾಗಿ ನಿಂತರೆ, ಅಥವಾ ಒಂದು ತುದಿ ಮಾತ್ರ ಹಿಡಿದುಕೊಂಡರೆ, ಬಿಲ್ಲೆಗಳನ್ನು ಹತ್ತಿರಕ್ಕೋ ದೂರಕ್ಕೋ ಸರಿಸಿ ಮತ್ತೆ ನೋಡಿ.

ಸರಿಸಿ ನೋಡಬೇಕು ಅಂದರೆ ಒಂದೇ ಸಲ ಅಂಟಿಸಬಾರದು. ಇದಕ್ಕೆ ತುಂಬಾ ಉಪಯೋಗಕ್ಕೆ ಬರುವುದು ಕಬ್ಬಿಣದ ಒಂದು ಅಗಲ ವಾಷರ್. ಹಬ್‌ನಷ್ಟೇ ಅಗಲದ, ಒಂದೂವರೆ ಎರಡು ಮಿ.ಮೀ. ದಪ್ಪದ ವಾಷರನ್ನು ಹಬ್ ಮೇಲೆ ಅಂಟಿಸಿ, ಅದರ ಮೇಲೆ ಮ್ಯಾಗ್ನೆಟ್ ಇಡಿ. ಅವು ತಾವೇ ಹಿಡಿದುಕೊಳ್ಳುತ್ತವೆ, ಬೇಕಾದ ಹಾಗೆ ಜಾರಿಸಬಹುದು. ವಾಷರ್‌ನಿಂದ ಇನ್ನೂ ದೊಡ್ಡ ಲಾಭ ಒಂದಿದೆ. ಬ್ರಷ್‌ಲೆಸ್ ಫ್ಯಾನಿನ ಹಬ್ ಒಳಗೆ ಅದರದ್ದೇ ಆದ ಉಂಗುರದಂಥ ಮ್ಯಾಗ್ನೆಟ್ ಇರುತ್ತದೆ, ಅದು ಎಲ್ಲಿದೆ ಎಂದು ನೋಡುವ ಹಾಲ್ ಸೆನ್ಸರ್ ಇರುತ್ತದೆ. ನಾವು ಮೇಲೆ ಇಟ್ಟ ಜೋರು ಮ್ಯಾಗ್ನೆಟ್ ಆ ಸೆನ್ಸರ್‌ಗೆ ಗೊಂದಲ ಮಾಡುತ್ತದೆ. ಫ್ಯಾನ್ ಸ್ವಲ್ಪ ಅಲುಗಾಡಿ ನಿಲ್ಲುತ್ತದೆ, ಇಲ್ಲವೇ ಶುರುವೇ ಆಗುವುದಿಲ್ಲ. ನಡುವಿನ ಕಬ್ಬಿಣ ಕೆಳಗೆ ಹೋಗುವ ಕಾಂತಬಲವನ್ನು ತನ್ನೊಳಗೇ ಹರಿಸಿಕೊಂಡು ಸೆನ್ಸರನ್ನು ಕಾಪಾಡುತ್ತದೆ, ಜೊತೆಗೆ ಮೇಲಿನ ಕಡೆಯ ಎಳೆತವೂ ಜಾಸ್ತಿಯಾಗುತ್ತದೆ. ವಾಷರ್ ಹಾಕಿದ ದಿನವೇ ನನ್ನ ಪ್ಲೇಟ್ ಸರಿಯಾಗಿ ಕೆಲಸ ಮಾಡಲು ಶುರುಮಾಡಿದ್ದು.

ಅಂಟಿನ ವಿಚಾರ. ಹಾಟ್ ಗ್ಲೂ ಬೇಡ, ನುಣುಪು ಪ್ಲಾಸ್ಟಿಕ್ ಮೇಲೆ ಅದು ಹಿಡಿಯುವುದಿಲ್ಲ, ಬಿಸಿಗೆ ಮೆತ್ತಗಾಗುತ್ತದೆ. ಎರಡು ಟ್ಯೂಬಿನ ಎಪಾಕ್ಸಿ ಒಳ್ಳೆಯದು. ಹಬ್ ಮತ್ತು ವಾಷರ್ ಎರಡನ್ನೂ ಉಪ್ಪುಕಾಗದದಿಂದ ಉಜ್ಜಿ ತರಿತರಿ ಮಾಡಿ, ಅಂಟಿಸಿ, ಒಂದು ದಿನ ಮುಟ್ಟದೆ ಬಿಡಿ. ಮ್ಯಾಗ್ನೆಟ್‌ಗಳ ಜಾಗ ಪಕ್ಕಾ ಆದ ಮೇಲೆ ಅವಕ್ಕೂ ಒಂದೊಂದು ಹನಿ.

ವಾಷರ್ ನಡುವಿಗೆ ಬಂದಿದೆಯಾ ಎಂದು ತಿಳಿಯಲು ಎಪಾಕ್ಸಿ ಗಟ್ಟಿಯಾಗುವ ಮೊದಲೇ ಕೈಯಿಂದ ನಿಧಾನವಾಗಿ ತಿರುಗಿಸಿ, ಪಕ್ಕದಲ್ಲಿ ಒಂದು ಪೆನ್ಸಿಲ್ ತುದಿ ಹಿಡಿದು ನೋಡಿ. ಅಂಚಿನ ಅಂತರ ಸುತ್ತಲೂ ಒಂದೇ ಇರಬೇಕು. ಎಲ್ಲ ಕೂರಿಸಿದ ಮೇಲೆ ಫ್ಯಾನನ್ನು ಗೋಡೆಗಡಿಯಾರದ ಹಾಗೆ ನಿಲ್ಲಿಸಿ. ಪ್ರತಿ ಸಲವೂ ಒಂದೇ ಬದಿ ಕೆಳಗೆ ಬಂದು ನಿಂತರೆ ಆ ಬದಿ ಭಾರ. ಮ್ಯಾಗ್ನೆಟನ್ನು ಕೂದಲೆಳೆಯಷ್ಟು ಆಚೆ ಸರಿಸಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಮ್ಯಾಗ್ನೆಟ್‌ಗಳು ಚರ್ಮ ಕಚ್ಚಿ ರಕ್ತ ಬರಿಸುವಷ್ಟು ಜೋರಾಗಿರುತ್ತವೆ. ಮಕ್ಕಳ ಕೈಗೆ ಸಿಗಲೇಬಾರದು. ಎರಡು ನುಂಗಿದರೆ ಕರುಳನ್ನು ನಡುವೆ ಹಿಡಿದುಕೊಂಡು ಪ್ರಾಣಕ್ಕೇ ಅಪಾಯ. ಪೇಸ್‌ಮೇಕರ್ ಇರುವವರು ಇವುಗಳ ಹತ್ತಿರ ಬರುವುದು ಬೇಡ.

ಮುಚ್ಚಳ ಮತ್ತು ಅಂತರ

ಮ್ಯಾಗ್ನೆಟ್‌ನ ಎಳೆತ ದೂರ ಹೋದ ಹಾಗೆ ಬಹಳ ಬೇಗ ಕುಸಿಯುತ್ತದೆ. ಹಾಗಾಗಿ ಇಲ್ಲಿ ಒಂದೊಂದು ಮಿಲಿಮೀಟರಿಗೂ ಬೆಲೆ ಇದೆ. ಮ್ಯಾಗ್ನೆಟ್ ಮತ್ತು ಮುಚ್ಚಳದ ನಡುವೆ ಎರಡು ಮೂರು ಮಿ.ಮೀ., ಮುಚ್ಚಳದ ದಪ್ಪ ಮೂರು ಮಿ.ಮೀ., ಅದರ ಮೇಲೆ ಫ್ಲಾಸ್ಕಿನ ತಳದ ಗಾಜು. ಒಟ್ಟು ಹತ್ತು ಮಿ.ಮೀ. ಒಳಗೆ ಇದ್ದರೆ ಒಳ್ಳೆಯ ಹಿಡಿತ ಸಿಗುತ್ತದೆ. ಫ್ಯಾನನ್ನು ನಾಲ್ಕು ಉದ್ದ ಬೋಲ್ಟ್‌ಗಳಿಂದ ಮುಚ್ಚಳಕ್ಕೇ ನೇತುಹಾಕಿ, ನಡುವೆ ನಟ್ಟು ವಾಷರ್ ಹಾಕಿ ಎತ್ತರ ಹೊಂದಿಸುವುದು ನನಗೆ ಗೊತ್ತಿರುವ ಅತಿ ಸುಲಭ ದಾರಿ. ಆಮೇಲೆ ಎಷ್ಟು ಸಲ ಬೇಕಾದರೂ ಒಂದು ವಾಷರ್ ಸೇರಿಸಿ ತೆಗೆದು ಸರಿಮಾಡಬಹುದು. ತೀರಾ ಹತ್ತಿರ ತಂದರೂ ತೊಂದರೆ. ಬಾರ್ ಗಾಜಿಗೆ ಬಲವಾಗಿ ಒತ್ತಿಕೊಂಡು ಉಜ್ಜುತ್ತದೆ, ಫ್ಯಾನ್ ಏದುಸಿರು ಬಿಡುತ್ತದೆ, ನಿಧಾನ ವೇಗದಲ್ಲಿ ನಿಂತೇಹೋಗುತ್ತದೆ.

ಮುಚ್ಚಳಕ್ಕೆ ಅಕ್ರಿಲಿಕ್, ತೆಳು ಪ್ಲೈವುಡ್, ಗಟ್ಟಿ ಪ್ಲಾಸ್ಟಿಕ್ ಯಾವುದಾದರೂ ಆಗುತ್ತದೆ. ಕಬ್ಬಿಣ ಬೇಡ ಎಂದು ಎಲ್ಲರಿಗೂ ಹೊಳೆಯುತ್ತದೆ. ಅಲ್ಯೂಮಿನಿಯಂ ಕೂಡ ಬೇಡ. ಅದಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ ನಿಜ, ಆದರೆ ಕೆಳಗೆ ಮ್ಯಾಗ್ನೆಟ್ ತಿರುಗುವಾಗ ಆ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ ಬ್ರೇಕ್ ಹಾಕಿದ ಹಾಗೆ ಫ್ಯಾನನ್ನು ಎಳೆದು ಹಿಡಿಯುತ್ತದೆ.

ಮುಚ್ಚಳದ ಮೇಲೆ, ಹಬ್‌ನ ನಡುಬಿಂದುವಿಗೆ ಸರಿಯಾಗಿ ಒಂದು ಗುರುತು ಹಾಕಿ, ಅದನ್ನೇ ಕೇಂದ್ರವಾಗಿಟ್ಟು ನಿಮ್ಮ ಫ್ಲಾಸ್ಕಿನ ತಳದಷ್ಟು ಒಂದು ವೃತ್ತ ಬರೆದುಬಿಡಿ. ಫ್ಲಾಸ್ಕ್ ಒಂದು ಸೆಂಟಿಮೀಟರ್ ಪಕ್ಕಕ್ಕೆ ಇದ್ದರೂ ಬಾರ್ ತಳದ ಉಬ್ಬು ತಗ್ಗಿಗೆ ಸಿಕ್ಕಿ ಹಾರುತ್ತದೆ. ಈ ಗೆರೆ ಎಳೆಯಲು ಅರ್ಧ ನಿಮಿಷ ಸಾಕು, ಆಮೇಲೆ ಎಷ್ಟೋ ರಾತ್ರಿಗಳ ನಿದ್ದೆ ಉಳಿಸುತ್ತದೆ.

ವೇಗ ಹಿಡಿತದಲ್ಲಿಡುವುದು

ಗೋಡೆಯ ಕರೆಂಟ್ ಪೆಟ್ಟಿಗೆಯೊಳಗೆ ಬರಲೇಬಾರದು. 12 ವೋಲ್ಟ್, ಅರ್ಧ ಆಂಪಿಯರ್ ಅಥವಾ ಜಾಸ್ತಿ ಕೊಡುವ ಮುಚ್ಚಿದ ಅಡಾಪ್ಟರ್ ತೆಗೆದುಕೊಳ್ಳಿ. ಪ್ಲಸ್ ಮೈನಸ್ ಯಾವುದು ಎಂದು ಮಲ್ಟಿಮೀಟರ್ ಹಿಡಿದು ನೋಡಿ. ಫ್ಯಾನಿಗೆ ಎರಡೇ ತಂತಿ ಇದ್ದರೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಮೂರನೆಯ ತಂತಿ ವೇಗ ತಿಳಿಸಲು ಇರುವುದು, ಅದನ್ನು ಟೇಪ್ ಸುತ್ತಿ ಬಿಟ್ಟುಬಿಡಿ.

ಬರೀ ಒಂದು ಪುಟ್ಟ ಪೊಟೆನ್ಷಿಯೋಮೀಟರನ್ನು (ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ, ಚಿಕ್ಕದಾಗಿ ಪಾಟ್) ಫ್ಯಾನಿನ ತಂತಿಯ ನಡುವೆ ಸೇರಿಸಿದರೆ ಆಗುವುದಿಲ್ಲವಾ ಎಂದು ತುಂಬಾ ಜನ ಕೇಳುತ್ತಾರೆ. ಸ್ವಲ್ಪ ಹೊತ್ತು ಆಗುತ್ತದೆ. ಆಮೇಲೆ ಸುಟ್ಟ ವಾಸನೆ ಬರುತ್ತದೆ. ಅಂಥ ಸಣ್ಣ ಪಾಟ್‌ಗಳು ಕಾಲು ವಾಟ್ ಕೂಡ ಕಷ್ಟಪಟ್ಟು ತಡೆಯುತ್ತವೆ, ಫ್ಯಾನಿನ ಪೂರ್ತಿ ಕರೆಂಟ್ ಅದರ ಮೂಲಕ ಹೋದರೆ ಉಳಿಯುವುದಿಲ್ಲ.

ಎಲ್‌ಎಂ317 ಎನ್ನುವ ಮೂರು ಕಾಲಿನ ರೆಗ್ಯುಲೇಟರ್ (ವೋಲ್ಟೇಜ್ ಹೊಂದಿಸುವ ಚಿಪ್) ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಕ್ಷರ ಬರೆದಿರುವ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇಟ್ಟುಕೊಂಡರೆ ಎಡಗಡೆಯದು ಅಡ್ಜಸ್ಟ್, ನಡುವಿನದು ಔಟ್‌ಪುಟ್, ಬಲಗಡೆಯದು ಇನ್‌ಪುಟ್. ಅಡಾಪ್ಟರಿನ ಪ್ಲಸ್ ಇನ್‌ಪುಟ್‌ಗೆ, ಫ್ಯಾನಿನ ಕೆಂಪು ಔಟ್‌ಪುಟ್‌ಗೆ. ಔಟ್‌ಪುಟ್ ಮತ್ತು ಅಡ್ಜಸ್ಟ್ ನಡುವೆ 240 ಓಮ್ ರೆಸಿಸ್ಟರ್. ಅಡ್ಜಸ್ಟ್‌ನಿಂದ ಮೈನಸ್‌ಗೆ 560 ಓಮ್ ರೆಸಿಸ್ಟರ್ ಮತ್ತು 1 ಕಿಲೋ ಓಮ್ ಪಾಟ್ ಒಂದರ ಹಿಂದೆ ಒಂದು. ಫ್ಯಾನಿನ ಕಪ್ಪು ತಂತಿಯೂ ಮೈನಸ್‌ಗೆ. ಇನ್‌ಪುಟ್‌ನಿಂದ ಮೈನಸ್‌ಗೆ 0.1 ಮೈಕ್ರೋಫ್ಯಾರಡ್, ಔಟ್‌ಪುಟ್‌ನಿಂದ ಮೈನಸ್‌ಗೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ಅಚ್ಚುಕಟ್ಟು.

ಔಟ್‌ಪುಟ್ ವೋಲ್ಟೇಜ್ ಲೆಕ್ಕ ಸುಲಭ: ಅಡ್ಜಸ್ಟ್‌ನಿಂದ ಮೈನಸ್‌ಗೆ ಇರುವ ಒಟ್ಟು ಓಮ್ ಅನ್ನು 240ರಿಂದ ಭಾಗಿಸಿ, 1 ಕೂಡಿಸಿ, 1.25ರಿಂದ ಗುಣಿಸಿ. ಮೇಲೆ ಹೇಳಿದ ಬೆಲೆಗಳಿಗೆ ನಾಬ್ ಪೂರ್ತಿ ಇಳಿಸಿದಾಗ ಸುಮಾರು 4.2 ವೋಲ್ಟ್, ಪೂರ್ತಿ ಏರಿಸಿದಾಗ 9.4 ವೋಲ್ಟ್. ಆ 560 ಓಮ್ ಯಾಕೆ ಅಂದರೆ, ಅದು ಇಲ್ಲದಿದ್ದರೆ ನಾಬಿನ ಕೆಳಗಿನ ಭಾಗದಲ್ಲಿ ಫ್ಯಾನ್ ಸುಮ್ನೆ ನಿಂತಿರುತ್ತದೆ, ಬೇಕಾದ ವೇಗವೆಲ್ಲ ಉಳಿದ ಸ್ವಲ್ಪ ತಿರುವಿನೊಳಗೆ ಇರುಕಿಕೊಂಡು ಸೂಕ್ಷ್ಮವಾಗಿ ಹೊಂದಿಸಲು ಆಗುವುದಿಲ್ಲ. 12 ಹಾಕಿದರೆ 12 ಸಿಗುತ್ತದೆ ಎಂದುಕೊಳ್ಳಬೇಡಿ. ಈ ಚಿಪ್ ಸುಮಾರು 2 ವೋಲ್ಟ್ ತಾನೇ ಇಟ್ಟುಕೊಳ್ಳುತ್ತದೆ. ನಮಗೆ ಅಷ್ಟು ಬೇಕಾಗಿಯೂ ಇಲ್ಲ.

ಉಳಿದ ವೋಲ್ಟೇಜ್ ಬಿಸಿಯಾಗಿ ಹೋಗುತ್ತದೆ. ಫ್ಯಾನ್ 5 ವೋಲ್ಟ್‌ನಲ್ಲಿ 0.15 ಆಂಪಿಯರ್ ಎಳೆದರೆ ಚಿಪ್‌ನಲ್ಲಿ ಸುಮಾರು ಒಂದು ವಾಟ್. ಕೇಳಲು ಚಿಕ್ಕದು, ಆದರೆ ಹೀಟ್‌ಸಿಂಕ್ ಇಲ್ಲದಿದ್ದರೆ ಬೆರಳು ಇಡಲು ಆಗದಷ್ಟು ಸುಡುತ್ತದೆ. ಒಂದು ಚಿಕ್ಕ ಹೀಟ್‌ಸಿಂಕ್ ಹಾಕಿ. ಚಿಪ್‌ನ ಹಿಂದಿನ ಲೋಹದ ನಾಲಿಗೆ ಔಟ್‌ಪುಟ್‌ಗೇ ಸೇರಿರುತ್ತದೆ, ಅದು ಬೇರೆ ಯಾವ ಲೋಹಕ್ಕೂ ತಾಗಬಾರದು. ಪೆಟ್ಟಿಗೆಯ ತಳದಲ್ಲೂ ಹಿಂಬದಿಯಲ್ಲೂ ತೂತು ಕೊರೆದು, ನಾಲ್ಕು ರಬ್ಬರ್ ಕಾಲು ಕೊಟ್ಟು ಗಾಳಿ ಆಡುವಂತೆ ಮಾಡಿ. ಹಾಗೆ ಮಾಡದಿದ್ದರೆ ಆ ಬಿಸಿ ನಿಧಾನವಾಗಿ ಮೇಲಿನ ಯೀಸ್ಟಿಗೇ ಸೇರುತ್ತದೆ.

ಮೋಟಾರಿಗೆಂದು ಸಿಗುವ ಪಿಡಬ್ಲ್ಯೂಎಂ ಬೋರ್ಡ್ ಬಳಸಬಹುದಾ? ಎರಡು ಅಥವಾ ಮೂರು ತಂತಿಯ ಫ್ಯಾನಿಗೆ ಬೇಡ. ಅದು ಕರೆಂಟನ್ನೇ ಕತ್ತರಿಸಿ ಕತ್ತರಿಸಿ ಕೊಡುವುದರಿಂದ ಫ್ಯಾನಿನೊಳಗಿನ ಎಲೆಕ್ಟ್ರಾನಿಕ್ಸ್ ತೊದಲುತ್ತದೆ, ಕಿಂಯ್ ಅಂತ ಸದ್ದೂ ಬರುತ್ತದೆ. ನಾಲ್ಕು ತಂತಿಯ ಫ್ಯಾನ್ ಇದ್ದರೆ ಮಾತು ಬೇರೆ. ಅದಕ್ಕೆ 12 ವೋಲ್ಟ್ ನೇರ ಕೊಟ್ಟು, ನಾಲ್ಕನೆಯ ತಂತಿಗೆ 25 ಕಿಲೋಹರ್ಟ್ಸ್‌ನ ಪಿಡಬ್ಲ್ಯೂಎಂ ಸಂಕೇತ ಕೊಟ್ಟರೆ ಬಹಳ ನಿಧಾನ ವೇಗದಲ್ಲೂ ನಯವಾಗಿ ತಿರುಗುತ್ತದೆ.

ನೀರಿನಲ್ಲಿ ಮೊದಲ ಓಟ

ಮೊದಲ ದಿನವೇ ಯೀಸ್ಟ್ ಹಾಕಬೇಡಿ. ಫ್ಲಾಸ್ಕಿಗೆ ಒಂದು ಲೀಟರ್ ನೀರು ಹಾಕಿ, ಬಾರ್ ಬಿಟ್ಟು, ಅದು ನಡುವಿಗೆ ಬಂದು ಮಲಗುವವರೆಗೆ ಫ್ಲಾಸ್ಕನ್ನು ಸ್ವಲ್ಪ ಸ್ವಲ್ಪ ಸರಿಸಿ. ನಾಬ್ ಅತಿ ಕೆಳಗಿಟ್ಟು ಆನ್ ಮಾಡಿ. ನಿಧಾನವಾಗಿ ಏರಿಸುತ್ತಾ ಹೋಗಿ, ಬಾರ್ ಹಾರುವ ವೇಗ ಯಾವುದು ಎಂದು ಬೇಕೆಂದೇ ಕಂಡುಹಿಡಿಯಿರಿ. ನಾಬಿನ ಪಕ್ಕ ಅಲ್ಲಿ ಒಂದು ಗೆರೆ ಹಾಕಿ. ಕೆಲಸಕ್ಕೆ ಬೇಕಾದ ವೇಗ ಅದಕ್ಕಿಂತ ತುಂಬಾ ಕೆಳಗೆ ಇರುತ್ತದೆ. ನೀರಿನ ಮೇಲೆ ಬೆರಳ ತುದಿಯಷ್ಟು ಕುಳಿ ಬಿದ್ದರೆ ಸಾಕು. ತಳದವರೆಗೆ ಇಳಿಯುವ ದೊಡ್ಡ ಸುಳಿ ನೋಡಲು ಚಂದ, ಯೀಸ್ಟಿಗೆ ಅದರ ಅಗತ್ಯ ಇಲ್ಲ.

ಆಮೇಲೆ ಪ್ಲಗ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ತಾನಾಗಿ ಶುರುವಾಯಿತಾ? ಫ್ಯಾನ್ ತಿರುಗುತ್ತಾ ಇರಲು ಬೇಕಾದ ವೋಲ್ಟೇಜಿಗಿಂತ ನಿಂತಲ್ಲಿಂದ ಹೊರಡಲು ಬೇಕಾದ ವೋಲ್ಟೇಜ್ ಜಾಸ್ತಿ. ನೀವು ಇಟ್ಟ ವೇಗದಿಂದ ಅದು ಮತ್ತೆ ಹೊರಡದಿದ್ದರೆ, ರಾತ್ರಿ ಒಂದು ಕ್ಷಣ ಕರೆಂಟ್ ಹೋಗಿ ಬಂದರೂ ಬೆಳಿಗ್ಗೆವರೆಗೆ ಯೀಸ್ಟ್ ತಳದಲ್ಲೇ ಕೂತಿರುತ್ತದೆ. ಈ ಪರೀಕ್ಷೆ ಪಾಸಾಗುವ ಅತಿ ಕಡಿಮೆ ವೇಗವೇ ನಿಮ್ಮ ಕೆಳಗಿನ ಮಿತಿ. ಕೊನೆಗೆ ಆರು ಗಂಟೆ ನೀರಿನಲ್ಲೇ ಓಡಿಸಿ, ನೀರಿನ ಉಷ್ಣತೆಯನ್ನು ಪಕ್ಕದಲ್ಲಿಟ್ಟ ಇನ್ನೊಂದು ಲೋಟದ ನೀರಿನ ಜೊತೆ ಹೋಲಿಸಿ. ಎರಡು ಮೂರು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗಾಳಿಯ ತೂತು ಸಾಲದು.

ನಿಜವಾದ ಸ್ಟಾರ್ಟರ್

100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರಾಕ್ಟ್, ಒಟ್ಟು ಒಂದು ಲೀಟರ್ ಆಗುವಷ್ಟು ನೀರು. ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.037ರಿಂದ 1.040 ಬರುತ್ತದೆ, ಇದಕ್ಕಿಂತ ಗಟ್ಟಿ ಬೇಡ. ಹತ್ತು ಹದಿನೈದು ನಿಮಿಷ ಕುದಿಸಿ. ಎರಡು ಲೀಟರ್ ಫ್ಲಾಸ್ಕ್ ಆದರೆ ನೊರೆಗೆ ಜಾಗ ಇರುತ್ತದೆ. ಬೋರೋಸಿಲಿಕೇಟ್ ಗಾಜಾಗಿದ್ದರೆ ಮಾತ್ರ ಗ್ಯಾಸ್ ಮೇಲೆ ಇಟ್ಟು, ನಂತರ ತಣ್ಣೀರಿನಲ್ಲಿ ಆರಿಸಬಹುದು. ಮಾಮೂಲಿ ಗಾಜಿನ ಜಾಡಿ ಸಿಡಿಯುತ್ತದೆ, ಅದಕ್ಕೆ ಬೇರೆ ಪಾತ್ರೆಯಲ್ಲಿ ಕುದಿಸಿ ಆರಿದ ಮೇಲೆ ಸುರಿಯಿರಿ. ಅಂಗಡಿಯ ಟೆಫ್ಲಾನ್ ಸ್ಟರ್ ಬಾರನ್ನು ವರ್ಟ್ ಜೊತೆಗೇ ಕುದಿಸಬಹುದು. ಅದರೊಳಗೆ ಸಾಮಾನ್ಯವಾಗಿ ಬಿಸಿ ತಡೆಯುವ ಆಲ್ನಿಕೋದಂಥ ಮ್ಯಾಗ್ನೆಟ್ ಇರುತ್ತದೆ. ನಿಯೋಡಿಮಿಯಂ ತುಂಡಿನಿಂದ ನೀವೇ ಮಾಡಿಕೊಂಡ ಬಾರ್ ಆದರೆ ಕುದಿಸಬೇಡಿ, ಸಾಧಾರಣ ದರ್ಜೆಯವು 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳುತ್ತವೆ.

20ರಿಂದ 24 ಡಿಗ್ರಿಗೆ ಆರಿದ ಮೇಲೆ ಯೀಸ್ಟ್ ಹಾಕಿ, ಬಾಯಿಗೆ ಸ್ಯಾನಿಟೈಸ್ ಮಾಡಿದ ಫಾಯಿಲ್ ಸಡಿಲವಾಗಿ ಮುಚ್ಚಿ. ಗಾಳಿಯನ್ನು ಹೊರಗೆ ಮಾತ್ರ ಬಿಡುವ ಏರ್‌ಲಾಕ್ ಹಾಕಬೇಡಿ. ಇಲ್ಲಿ ಗಾಳಿ ಒಳಗೆ ಹೊರಗೆ ಆಡಬೇಕು. 24ರಿಂದ 36 ಗಂಟೆ ಬಿಡಿ. ಬಣ್ಣ ಹಾಲು ಬೆರೆಸಿದ ಹಾಗೆ ಮಸುಕಾಗುತ್ತದೆ. ಜೋರು ನೊರೆ ಬರಲಿಲ್ಲ ಎಂದು ಗಾಬರಿಯಾಗಬೇಡಿ, ತಿರುಗುತ್ತಿರುವ ಸ್ಟಾರ್ಟರ್‌ನಲ್ಲಿ ಎಷ್ಟೋ ಸಲ ನೊರೆ ನಿಲ್ಲುವುದೇ ಇಲ್ಲ.

ಕೈಕೊಟ್ಟಾಗ

ಫ್ಯಾನ್ ತಿರುಗುವುದೇ ಇಲ್ಲ. ಮೊದಲು ತಂತಿ ಅದಲುಬದಲಾಗಿದೆಯಾ ನೋಡಿ, ಬ್ರಷ್‌ಲೆಸ್ ಫ್ಯಾನ್ ಉಲ್ಟಾ ಕೊಟ್ಟರೆ ಹಿಂದಕ್ಕೆ ತಿರುಗುವುದಿಲ್ಲ, ಸುಮ್ನೆ ನಿಲ್ಲುತ್ತದೆ. ನಂತರ ಫ್ಯಾನಿನ ಹತ್ತಿರ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಇದೆ, ತಿರುಗುತ್ತಿಲ್ಲ ಅಂದರೆ ಮ್ಯಾಗ್ನೆಟ್ ತೆಗೆದು ನೋಡಿ. ಈಗ ತಿರುಗಿದರೆ ಹಾಲ್ ಸೆನ್ಸರ್ ಗೊಂದಲ, ಇನ್ನೊಂದು ವಾಷರ್ ಸೇರಿಸಿ. ಆಗಲೂ ತಿರುಗದಿದ್ದರೆ ಮಾತ್ರ ಫ್ಯಾನ್ ಕೆಟ್ಟಿದೆ.

ಬಾರ್ ಹಾರುತ್ತದೆ. ನೋಡುವ ಕ್ರಮ ಹೀಗಿರಲಿ: ಧ್ರುವ, ಫ್ಲಾಸ್ಕ್ ವೃತ್ತದ ನಡುವೆ ಇದೆಯಾ, ಅಂತರ, ಬಾರ್‌ನ ಉದ್ದ, ಕೊನೆಗೆ ವೇಗ. ಈ ಐದರಲ್ಲೇ ಉತ್ತರ ಸಿಗುವುದು ಹೆಚ್ಚು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲ. ಇದೆಲ್ಲ ಸರಿ ಇದ್ದೂ ಹಾರಿದರೆ ಫ್ಲಾಸ್ಕ್ ಬದಲಿಸಿ ನೋಡಿ. ಕೆಲವು ಗಾಜಿನ ತಳ ಒಳಗಡೆ ಉಬ್ಬಿರುತ್ತದೆ, ಬಾರ್ ಆ ಗುಡ್ಡದ ಮೇಲೆ ನಿಲ್ಲಲಾರದೆ ಜಾರುತ್ತದೆ. ನಡುವೆ ಉಂಗುರ ಇರುವ ಬಾರ್ ಒಂದು ತಳದಲ್ಲಿ ಚೆನ್ನಾಗಿ ಓಡಿ ಇನ್ನೊಂದರಲ್ಲಿ ಕಟಕಟ ಅನ್ನಬಹುದು, ಉಂಗುರ ಇಲ್ಲದ ನುಣುಪು ಬಾರ್ ಆಗ ಉತ್ತಮ.

ನೀರಿನಲ್ಲಿ ಓಡಿತು, ಯೀಸ್ಟ್ ಹಾಕಿದ ಮೇಲೆ ಓಡುತ್ತಿಲ್ಲ. ಯೀಸ್ಟ್ ತಳಕ್ಕೆ ಕೂತು ಬಾರನ್ನು ಹೂತುಹಾಕಿರುತ್ತದೆ. ಫ್ಲಾಸ್ಕ್ ಎತ್ತಿ ಕೈಯಿಂದ ಚೆನ್ನಾಗಿ ಕುಲುಕಿ ಮತ್ತೆ ಇಡಿ. ಹಾರಿದ ಬಾರನ್ನು ನಡುವಿಗೆ ತರಲು ಫಾಯಿಲ್ ತೆಗೆಯಬೇಕಾಗಿಲ್ಲ. ಮೊದಲು ಫ್ಯಾನ್ ನಿಲ್ಲಿಸಿ, ಹೊರಗಿನಿಂದ ಒಂದು ಮ್ಯಾಗ್ನೆಟ್ ಹಿಡಿದು ಎಳೆದು ತಂದರೆ ಸಾಕು.

ಎರಡು ಮೂರು ಗಂಟೆ ಆದ ಮೇಲೆ ನಿಧಾನವಾಗುತ್ತದೆ, ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರು. ಇದು ಎಲ್‌ಎಂ317 ಬಿಸಿಯಾಗಿ ತನ್ನನ್ನು ತಾನು ಬಂದ್ ಮಾಡಿಕೊಳ್ಳುವ ಲಕ್ಷಣ. ಹೀಟ್‌ಸಿಂಕ್ ದೊಡ್ಡದು ಮಾಡಿ, ಇಲ್ಲವೇ ಅಡಾಪ್ಟರ್ 9 ವೋಲ್ಟಿನದು ಹಾಕಿ. ಬಿಸಿ ಅಷ್ಟರಮಟ್ಟಿಗೆ ಇಳಿಯುತ್ತದೆ.

ಇಡೀ ಪೆಟ್ಟಿಗೆ ಗಡಗಡ ನಡುಗುತ್ತದೆ ಅಂದರೆ ಮ್ಯಾಗ್ನೆಟ್ ನಡುವಿಗಿಲ್ಲ. ಉಜ್ಜುವ ಸದ್ದು ಬಂದರೆ ಮ್ಯಾಗ್ನೆಟ್ ಮುಚ್ಚಳಕ್ಕೆ ತಾಗುತ್ತಿದೆ. ಎರಡು ಲೀಟರ್ ಭಾರಕ್ಕೆ ತೆಳು ಅಕ್ರಿಲಿಕ್ ಕೆಳಗೆ ಬಾಗುವುದು ಸಾಮಾನ್ಯ, ಖಾಲಿ ಇದ್ದಾಗ ಇಲ್ಲದ ಸದ್ದು ಫ್ಲಾಸ್ಕ್ ಇಟ್ಟಾಗ ಮಾತ್ರ ಬಂದರೆ ಇದೇ ಕಾರಣ. ಮುಚ್ಚಳದ ಕೆಳಗೆ, ಫ್ಯಾನಿನ ಅಕ್ಕಪಕ್ಕದಲ್ಲಿ ಎರಡು ಮರದ ಪಟ್ಟಿ ಅಂಟಿಸಿ.

ನೊರೆ ಉಕ್ಕಿ ಪೆಟ್ಟಿಗೆಯ ಮೇಲೆ ಹರಿದರೆ ಕೂಡಲೇ ಪ್ಲಗ್ ಕೀಳಿ, ಬಿಚ್ಚಿ ಒರೆಸಿ. ಸಕ್ಕರೆಯ ನೀರು ಪಾಟ್ ಒಳಗೆ ಒಣಗಿದರೆ ಆಮೇಲೆ ನಾಬ್ ತಿರುಗಿಸಿದಾಗೆಲ್ಲ ವೇಗ ಜಿಗಿಯುತ್ತದೆ. ಬೋಲ್ಟಿನ ತಲೆಗಳ ಸುತ್ತ ಮೊದಲೇ ಸಿಲಿಕೋನ್ ಹಚ್ಚಿಟ್ಟರೆ ಇದು ತಪ್ಪುತ್ತದೆ.

ಸ್ಟಾರ್ಟರ್ ಮುಗಿದ ಮೇಲೆ ಫ್ಲಾಸ್ಕನ್ನು ಫ್ರಿಜ್‌ನಲ್ಲಿ ಒಂದು ದಿನ ಇಟ್ಟರೆ ಯೀಸ್ಟ್ ಬೆಳ್ಳಗೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಗ್ಗಿಸಿ ಚೆಲ್ಲಿ, ಉಳಿದ ಸ್ವಲ್ಪದಲ್ಲಿ ಯೀಸ್ಟನ್ನು ಕದಡಿ, ಬಿಯರ್ ಹುದುಗುವ ಪಾತ್ರೆಗೆ, ಅಂದರೆ ಫರ್ಮೆಂಟರ್‌ಗೆ ಸುರಿಯಿರಿ. ಸುರಿಯುವ ಮೊದಲು ಫ್ಲಾಸ್ಕಿನ ಹೊರಗೆ, ತಳದ ಹತ್ತಿರ ಒಂದು ಜೋರು ಮ್ಯಾಗ್ನೆಟನ್ನು ಟೇಪ್ ಹಾಕಿ ಅಂಟಿಸಿ. ಬಾರ್ ಅಲ್ಲೇ ಹಿಡಿದುಕೊಂಡಿರುತ್ತದೆ, ಯೀಸ್ಟ್ ಮಾತ್ರ ಇಳಿಯುತ್ತದೆ. ಕೊನೆಯ ಹನಿ ಬಿದ್ದ ಮೇಲೆ ಬಾರ್ ಇದೆಯಾ ಎಂದು ಒಮ್ಮೆ ನೋಡಿ, ತೊಳೆದು, ಒಣಗಿಸಿ, ಪ್ಲೇಟ್‌ನ ಮುಚ್ಚಳದ ಮೇಲೇ ಇಡಿ. ಕೆಳಗಿನ ಮ್ಯಾಗ್ನೆಟ್ ಅದನ್ನು ಮುಂದಿನ ಸಲದವರೆಗೆ ಕಳೆದುಹೋಗದಂತೆ ಹಿಡಿದಿಟ್ಟಿರುತ್ತದೆ.